‘ಕ್ರಾಸ್‌ರೋಡ್ಸ್’ ಹಾಡನ್ನು ಯಾವ ರೆಕಾರ್ಡಿಂಗ್‌ನಿಂದ ಕೇಳಲು ಶುರು ಮಾಡಬೇಕು?

‘ಕ್ರಾಸ್‌ರೋಡ್ಸ್’ ಹಾಡನ್ನು ಇಷ್ಟೊಂದು ಜನ ಹಾಡಿದ್ದಾರಲ್ಲ, ಯಾವುದನ್ನು ಮೊದಲು ಕೇಳಲಿ, ಇಂಗ್ಲಿಷ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್‌ನದೇ ಮೂಲವೇ ಎಂದು ಕೇಳಿದ್ದೀರಿ. ಮೂಲ ಅವನದಲ್ಲ, ಅಮೆರಿಕದ ಕರಿಯರ ಹಾಡುಪದ್ಧತಿಯಾದ ಬ್ಲೂಸ್ ಹಾಡುತ್ತಿದ್ದ ಮಿಸಿಸಿಪ್ಪಿಯ ರಾಬರ್ಟ್ ಜಾನ್ಸನ್‌ನದು. ಆದರೂ ಶುರು ಮಾಡಲು ಕ್ಲಾಪ್ಟನ್‌ನದೇ ಒಳ್ಳೆಯದು ಎನ್ನುತ್ತೇನೆ. ಏಕೆಂದರೆ ಆಮೇಲೆ ಬಂದ ರಾಕ್ ತಂಡಗಳಲ್ಲಿ ಹೆಚ್ಚಿನವು ಎತ್ತಿಕೊಂಡಿದ್ದು ಜಾನ್ಸನ್‌ನ ಹಾಡನ್ನಲ್ಲ, ಕ್ಲಾಪ್ಟನ್ ಬದಲಿಸಿ ಇಟ್ಟ ಹಾಡನ್ನು.

1968ರ ಮಾರ್ಚ್ 10ರಂದು ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್ ಸಭಾಂಗಣದಲ್ಲಿ ಕ್ಲಾಪ್ಟನ್ ಇದ್ದ ಮೂವರ ತಂಡ ‘ಕ್ರೀಮ್’ ಇದನ್ನು ನುಡಿಸಿತು. ಅದೇ ರೆಕಾರ್ಡಿಂಗ್ ಆ ವರ್ಷದ ‘ವೀಲ್ಸ್ ಆಫ್ ಫೈರ್’ ಆಲ್ಬಮ್‌ನಲ್ಲಿದೆ. ನಾಲ್ಕು ನಿಮಿಷ ಚಿಲ್ಲರೆ, ಅಷ್ಟೇ. ಕ್ಲಾಪ್ಟನ್‌ಗೆ ಆಗ ಇನ್ನೂ 23 ತುಂಬಿರಲಿಲ್ಲ. ಅವನ ಗಿಟಾರ್ ಸೋಲೋಗಳನ್ನು (ಒಂಟಿ ವಾದನದ ಭಾಗಗಳನ್ನು) ಹೊಗಳದವರಿಲ್ಲ. ನನಗೆ ಅವಕ್ಕಿಂತ ಹೆಚ್ಚು ಇಷ್ಟವಾಗುವುದು ಜಾಕ್ ಬ್ರೂಸ್‌ನ ಬೇಸ್ ಗಿಟಾರ್. ಸೋಲೋ ನಡೆಯುವಾಗ ಅವನು ಸುಮ್ಮನೆ ಆಧಾರ ಕೊಟ್ಟುಕೊಂಡು ನಿಲ್ಲುವುದಿಲ್ಲ, ಸಮಸಮಕ್ಕೆ ತನ್ನದೂ ಒಂದು ಸೋಲೋ ನುಡಿಸುತ್ತಾನೆ. ಅತ್ತ ಜಿಂಜರ್ ಬೇಕರ್‌ನ ಡ್ರಮ್ಸೂ ತೆಪ್ಪಗಿರುವುದಿಲ್ಲ. 12 ಬಾರ್‌ಗಳ (ತಾಳದ ಸಮ ಅಳತೆಯ ತುಂಡುಗಳ) ಬ್ಲೂಸ್ ಆವರ್ತದೊಳಗೆ ಮೂವರೂ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ.

ಇದನ್ನು ಚೆನ್ನಾಗಿ ಕೇಳಿದ ಮೇಲೆ ಜಾನ್ಸನ್‌ನ ‘ಕ್ರಾಸ್ ರೋಡ್ ಬ್ಲೂಸ್’ ಹಾಕಿ. ಅದೇ ಹಾಡು ಎಂದು ನಂಬುವುದೇ ಕಷ್ಟವಾಗುತ್ತದೆ. 1936ರ ನವೆಂಬರ್ 27ರಂದು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಗಂಟರ್ ಹೋಟೆಲ್‌ನಲ್ಲಿ ಅವನು ಒಬ್ಬನೇ ಗಿಟಾರ್ ಹಿಡಿದು ಹಾಡಿದ್ದು, ಸುಮಾರು ಎರಡೂವರೆ ನಿಮಿಷ. ಬಾರ್‌ಗಳ ಲೆಕ್ಕಕ್ಕೆ ಅವನು ಕಟ್ಟುಬೀಳುವುದಿಲ್ಲ. ಮಾತು ಮುಗಿದಲ್ಲಿ ಕತ್ತರಿಸುತ್ತಾನೆ, ದನಿ ಬಯಸಿದಲ್ಲಿ ಎಳೆಯುತ್ತಾನೆ. ತಂತಿಯ ಮೇಲೆ ಜಾರುವ ಸ್ಲೈಡ್ (ಬೆರಳಿಗೆ ತೊಟ್ಟ ಕೊಳವೆ) ಅವನ ಗಂಟಲಿಗೇ ಉತ್ತರ ಕೊಡುತ್ತಿರುತ್ತದೆ.

ಹಾಡಿನಲ್ಲಿ ನಡೆಯುವುದಿಷ್ಟು. ನಾಲ್ಕು ದಾರಿ ಕೂಡುವಲ್ಲಿ ಒಬ್ಬ ಮೊಣಕಾಲೂರಿ ದೇವರಲ್ಲಿ ಕರುಣೆ ಬೇಡುತ್ತಾನೆ. ಹೋಗುವ ಗಾಡಿಗಳಿಗೆ ಕೈ ಅಡ್ಡ ಹಾಕುತ್ತಾನೆ. ಯಾರಿಗೂ ಅವನ ಗುರುತಿಲ್ಲ, ಯಾರೂ ನಿಲ್ಲಿಸುವುದಿಲ್ಲ. ಹೊತ್ತು ಮುಳುಗುತ್ತಿದೆ. 1930ರ ದಶಕದ ಮಿಸಿಸಿಪ್ಪಿಯಲ್ಲಿ ಗುರುತಿಲ್ಲದ ಊರಲ್ಲಿ ಕತ್ತಲಾದ ಮೇಲೆ ಒಬ್ಬಂಟಿಯಾಗಿ ಸಿಕ್ಕಿಬಿದ್ದ ಕರಿಯ ಯುವಕನಿಗೆ ಏನು ಬೇಕಾದರೂ ಆಗಬಹುದಿತ್ತು. ಆ ಭಯ ದನಿಯಲ್ಲೇ ಇದೆ.

ಕ್ಲಾಪ್ಟನ್ ಬಿಟ್ಟಿದ್ದು ಸರಿಯಾಗಿ ಆ ಹೊತ್ತು ಮುಳುಗುವ ಮಾತನ್ನೇ. ಅದರ ಬದಲು ಜಾನ್ಸನ್ 1937ರಲ್ಲಿ ಡಲ್ಲಾಸ್‌ನಲ್ಲಿ ಹಾಡಿದ ‘ಟ್ರಾವೆಲಿಂಗ್ ರಿವರ್‌ಸೈಡ್ ಬ್ಲೂಸ್’ನಿಂದ ರೋಸ್‌ಡೇಲ್ ಎಂಬ ಊರಿಗೆ ಗೆಳತಿಯೊಡನೆ ಹೋಗಿ ನದಿ ದಂಡೆಯಲ್ಲಿ ಮಜಾ ಮಾಡುವ ಸಾಲುಗಳನ್ನು ತಂದು ಸೇರಿಸಿದ. ಹಾಡಿಗೆ ವೇಗ ಬಂತು, ಹುರುಪು ಬಂತು, ಹೆದರಿಕೆ ಹೋಯಿತು. ಕ್ರೀಮ್‌ನ ಆವೃತ್ತಿಯನ್ನು ನಾನು ಮನಸಾರೆ ಪ್ರೀತಿಸುತ್ತೇನೆ, ಆದರೆ ಈ ನಷ್ಟ ಸಣ್ಣದಲ್ಲ.

ಜಾನ್ಸನ್ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲಿತ ಎಂಬ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ಹಾಡಿನಲ್ಲಿ ಸೈತಾನ ಇಲ್ಲವೇ ಇಲ್ಲ. ಅದೇ ಮಿಸಿಸಿಪ್ಪಿಯ ಇನ್ನೊಬ್ಬ ಹಾಡುಗಾರ ಟಾಮಿ ಜಾನ್ಸನ್ ಬಗ್ಗೆ ಅವನ ಅಣ್ಣ ಹೇಳಿದ್ದ ಇಂಥದೇ ಕಥೆಯೊಂದಿದೆ. 27ನೇ ವಯಸ್ಸಿಗೇ, 1938ರಲ್ಲಿ ತೀರಿಕೊಂಡ ರಾಬರ್ಟ್‌ಗೂ ಅದು ಅಂಟಿಕೊಂಡಿತು. ದೇವರ ಮುಂದೆ ಮಂಡಿಯೂರಿದವನನ್ನು ಸೈತಾನನ ಗಿರಾಕಿ ಮಾಡಿದ್ದು ನನಗೆ ನಿಜಕ್ಕೂ ಬೇಸರದ ವಿಷಯ.

ಉಳಿದವುಗಳಲ್ಲಿ ಎಲ್ಮೋರ್ ಜೇಮ್ಸ್‌ನ ‘ಸ್ಟ್ಯಾಂಡಿಂಗ್ ಅಟ್ ದ ಕ್ರಾಸ್‌ರೋಡ್ಸ್’ (1954) ಬಿಡಲೇಬೇಡಿ. ಎಲೆಕ್ಟ್ರಿಕ್ ಸ್ಲೈಡ್, ಹರಿದುಹೋಗುವಂಥ ಕಂಠ. ಕ್ರೀಮ್‌ಗಿಂತ ಹಿಂದಿನದಾದ್ದರಿಂದ ಅದರ ದಾರಿಯೇ ಬೇರೆ. ಲಿನರ್ಡ್ ಸ್ಕಿನರ್ಡ್ ತಂಡ 1976ರಲ್ಲಿ ಅಟ್ಲಾಂಟಾದಲ್ಲಿ ನುಡಿಸಿದ್ದು, ರಶ್ ತಂಡದ 2004ರದು, ಇವೆರಡೂ ಕ್ರೀಮ್‌ಗೆ ಸಲ್ಲಿಸಿದ ಗೌರವ. ಜಾನ್ ಮೇಯರ್ 2009ರಲ್ಲಿ ಈ ಹಾಡನ್ನು ಫಂಕ್ (ಕುಣಿಸುವ ತಾಳದ ಶೈಲಿ) ಮಾಡಿದ, ಚಿಕ್ಕದಾಗಿ, ಚೊಕ್ಕವಾಗಿ.

ಜಾನ್ಸನ್‌ನದು ಹುಡುಕುವಾಗ ಒಂದು ಗಮನಿಸಿ: ಅವನು ಅಂದು ಎರಡು ಸಲ ಹಾಡಿದ್ದ. 1937ರಲ್ಲಿ ಗ್ರಾಮಫೋನ್ ತಟ್ಟೆಯಾಗಿ ಬಂದದ್ದು ಮೊದಲನೆಯದು. ತುಸು ನಿಧಾನವಾದ ಎರಡನೆಯದು 1961ರ ‘ಕಿಂಗ್ ಆಫ್ ದ ಡೆಲ್ಟಾ ಬ್ಲೂಸ್ ಸಿಂಗರ್ಸ್’ ಎಲ್‌ಪಿಯಲ್ಲಿ ಹೊರಬಂತು. ಕ್ರೀಮ್ ಆದ ಮೇಲೆ ಆ ಎರಡನೆಯದನ್ನು ಕೇಳಿ, ನಂತರ ಜೇಮ್ಸ್. ಮಿಕ್ಕವನ್ನು ಯಾವ ಕ್ರಮದಲ್ಲಿ ಕೇಳಿದರೂ ನಡೆಯುತ್ತದೆ.