ಬಾಡಿಗೆ ಮನೆಯ ರಿಪೇರಿ: ಖರ್ಚು ಯಾರದು?

ಮಳೆಗಾಲ ಶುರುವಾದರೆ ನನಗೆ ಬರುವ ಪತ್ರಗಳಲ್ಲಿ ತೇವದ ಗೋಡೆಯದ್ದೇ ದೊಡ್ಡ ಪಾಲು. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಬಾಡಿಗೆ ಮೊಕದ್ದಮೆಗಳಲ್ಲಿ ಮಾಲೀಕರ ಪರವೂ ನಿಂತಿದ್ದೇನೆ, ಬಾಡಿಗೆದಾರರ ಪರವೂ ನಿಂತಿದ್ದೇನೆ. ಇಬ್ಬರಿಗೂ ಹೇಳುವುದು ಒಂದೇ: ಬಾಯಿಮಾತಿನಲ್ಲಿ ಬಿಡಬೇಡಿ, ಬರೆದಿಡಿ.

ಪ್ರಶ್ನೆ: ಎರಡಂತಸ್ತಿನ ಕಟ್ಟಡದ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದೇವೆ. ಎರಡೂ ಮನೆ ಒಬ್ಬರದ್ದೇ. ಮಲಗುವ ಕೋಣೆಯ ಒಂದು ಗೋಡೆ ಸದಾ ತೇವ. ಬಣ್ಣ ಉಬ್ಬಿ ಉದುರುತ್ತಿದೆ, ಬೀರುವಿನ ಬಟ್ಟೆಗೆ ಬೂಷ್ಟು ಹಿಡಿದಿದೆ. ಮಗಳ ಕೆಮ್ಮು ಬಿಡುತ್ತಿಲ್ಲ. ಮಾಲೀಕರಿಗೆ ಹೇಳಿದರೆ 'ನೀವು ಕಿಟಕಿ ತೆಗೆಯಲ್ಲ, ಅದಕ್ಕೇ ಹೀಗಾಗಿದೆ' ಅನ್ನುತ್ತಾರೆ. ನಾವೇ ರಿಪೇರಿ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದಾ?

ಉತ್ತರ: ಮೊದಲು ಮಗಳ ಮಂಚವನ್ನು ಆ ಕೋಣೆಯಿಂದ ಆಚೆ ಹಾಕಿ, ವೈದ್ಯರಿಗೆ ಗೋಡೆಯ ವಿಷಯವನ್ನೂ ಹೇಳಿ. ಕಾನೂನಿನ ಕೆಲಸ ನಿಧಾನ. ಕೆಮ್ಮುವ ಮಗುವನ್ನು ಅಷ್ಟು ದಿನ ಅಲ್ಲೇ ಮಲಗಿಸುವುದು ಬೇಡ.

ಇನ್ನು ಖರ್ಚಿನ ಮಾತು. ದುಡ್ಡು ಯಾರು ಕೊಡಬೇಕು ಎಂದು ಜಗಳಕ್ಕೆ ಇಳಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿ. ಅದು ಗೊತ್ತಾದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಎದ್ದ ಬಣ್ಣವನ್ನು ಕೆರೆದು ಒರೆಸಿ, ಒಂದಡಿ ಅಗಲದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಟ್ಟಿದ್ದರೆ ನೀರು ಗೋಡೆಯ ಒಳಗಿಂದ ಬರುತ್ತಿದೆ. ಕೋಣೆಯ ಕಡೆ ಮಾತ್ರ ಹನಿ ಇದ್ದರೆ ಅದು ಗಾಳಿಯಲ್ಲಿನ ತೇವ. ಆಗ ಮಾಲೀಕರ ಮಾತನ್ನೂ ಒಪ್ಪಬೇಕು. ಒದ್ದೆ ಬಟ್ಟೆ ಒಳಗೆ ಒಣಹಾಕುವುದನ್ನು ಬಿಟ್ಟು ಕಿಟಕಿ ತೆಗೆಯಬೇಕು.

ನೀರು ಒಳಗಿಂದಲೇ ಎಂದಾದರೆ ಗೋಡೆಯಾಚೆ ಏನಿದೆ ನೋಡಿ. ಬಚ್ಚಲಿದ್ದರೆ ಟೈಲ್ಸ್ ಸಂದುಗಳಲ್ಲಿ, ನೀರು ಹೋಗುವ ಜಾಲರಿಯ ಸುತ್ತ ಸಿಮೆಂಟ್ ಎದ್ದಿದೆಯಾ? ಕಲೆ ನೆಲದಿಂದ ಮೇಲಕ್ಕೆ ಹತ್ತಿದೆಯಾ, ಸೂರಿನಿಂದ ಕೆಳಕ್ಕೆ ಇಳಿದಿದೆಯಾ? ಮಳೆ ನಿಂತ ಮೇಲೂ ಹಾಗೇ ಇದ್ದರೆ ಪೈಪಿನ ಮೇಲೆ ಅನುಮಾನ ಪಡಬೇಕು. ಒಬ್ಬ ಪ್ಲಂಬರನ್ನು ಕರೆಸಿ, ನೋಡಿದ್ದನ್ನು ಎರಡು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಹೀಗೆ ಹೇಳುತ್ತದೆ: ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಮಂಜಸ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ 'ಮಾಡಲೇಬೇಕಾದ' ಎನ್ನುವಲ್ಲೇ ಜನ ಸೋಲುವುದು. ಮನೆಯ ಎಲ್ಲ ರಿಪೇರಿಯೂ ಮಾಲೀಕರದ್ದೇ ಎಂದು ಆ ಕಲಂ ಎಲ್ಲೂ ಹೇಳಿಲ್ಲ. ಆ ಹೊಣೆ ನಿಮ್ಮ ಕರಾರಿನಿಂದ, ಸ್ಥಳೀಯ ರೂಢಿಯಿಂದ ಅಥವಾ ಅನ್ವಯವಾಗುವ ಬಾಡಿಗೆ ಕಾಯ್ದೆಯಿಂದ ಬರಬೇಕು. ಹಾಗಾಗಿ ಕರಾರು ತೆಗೆದು ಓದಿ. 'ಗೋಡೆ, ಸೂರು, ಪೈಪಿನ ದೊಡ್ಡ ರಿಪೇರಿ ಮಾಲೀಕರದ್ದು' ಎಂಬ ಒಂದು ಸಾಲು ಇದ್ದರೆ ನಿಮ್ಮ ಕೈ ಗಟ್ಟಿ. ಹನ್ನೊಂದು ತಿಂಗಳ ಕರಾರನ್ನು ಸುಮ್ನೆ ಅಂಗಡಿಯಲ್ಲಿ ಟೈಪ್ ಮಾಡಿಸಿ ಸಹಿ ಹಾಕುತ್ತಾರೆ, ಈ ಸಾಲು ಇದೆಯಾ ಎಂದು ನೋಡುವವರು ಕಡಿಮೆ. ಪ್ರತಿ ಸಲ ನನಗೆ ಬೇಸರವಾಗುವುದು ಇದಕ್ಕೇ.

ಸಾಲು ಇದ್ದರೆ ನೋಟಿಸ್ ಹೀಗಿರಲಿ: 'ಮಲಗುವ ಕೋಣೆಯ ಬಚ್ಚಲ ಬದಿಯ ಗೋಡೆ ಇಂಥ ದಿನದಿಂದ ತೇವವಾಗಿದೆ. ಬಚ್ಚಲ ಪೈಪಿನ ಜಾಯಿಂಟ್ ಸೋರುತ್ತಿದೆ ಎಂದು ಪ್ಲಂಬರ್ ಬರೆದುಕೊಟ್ಟಿದ್ದಾರೆ, ಪ್ರತಿ ಇಟ್ಟಿದ್ದೇನೆ. ಹದಿನೈದು ದಿನದೊಳಗೆ ಸರಿಮಾಡಿಸಿ. ಇಲ್ಲವಾದರೆ ನಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳುತ್ತೇವೆ.' ಹದಿನೈದು ದಿನ ಎನ್ನುವುದು ನನ್ನ ಲೆಕ್ಕ, ಕಾಯ್ದೆಯಲ್ಲಿ ಅಂಕಿ ಇಲ್ಲ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ವಾಟ್ಸಾಪ್‌ನಲ್ಲೂ ಹಾಕಿ, ಮೆಸೇಜ್ ಅಳಿಸಬೇಡಿ. ಪೈಪ್ ಮೇಲಿನ ಮನೆಯೊಳಗಿದ್ದರೆ ಅದನ್ನು ನೀವು ಮುಟ್ಟುವ ಹಾಗಿಲ್ಲ, ಮಾಲೀಕರೇ ತೆಗೆಸಬೇಕು.

ಒಂದು ಎಚ್ಚರಿಕೆ. ಬಾಡಿಗೆಯನ್ನೇ ಪೂರ್ತಿ ನಿಲ್ಲಿಸಬೇಡಿ. ನ್ಯಾಯ ನಿಮ್ಮ ಕಡೆ ಇದ್ದರೂ ಬಾಕಿಯ ಕಾರಣಕ್ಕೇ ಮನೆ ಬಿಡಿಸುವ ದಾವೆ ಬೀಳಬಹುದು. ಖರ್ಚಾದಷ್ಟು ಮಾತ್ರ ಕಳೆದು, ಬಿಲ್ಲಿನ ಪ್ರತಿ ಜೊತೆಗೆ ಉಳಿದದ್ದನ್ನು ಬ್ಯಾಂಕ್ ಮೂಲಕ ಕಟ್ಟಿ.

ಪ್ರಶ್ನೆ: ನಲ್ಲಿ ಸೋರಿದರೂ ಮಾಲೀಕರನ್ನೇ ಕೇಳಬೇಕಾ? ನಮ್ಮವರು 'ಎಲ್ಲಾ ನೀವೇ' ಅನ್ನುತ್ತಾರೆ.

ಉತ್ತರ: ನಲ್ಲಿಯ ವಾಷರ್‌ಗೆ ಮಾಲೀಕರಿಗೆ ಫೋನ್ ಮಾಡುವುದು ಬೇಡ, ನೀವೇ ಹಾಕಿಸಿ. ಆದರೆ 'ಎಲ್ಲಾ ನೀವೇ' ಎನ್ನುವುದೂ ಸರಿಯಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ತಂದಿತು. ಅದರಲ್ಲಿ ಕೆಲಸ ಹಂಚಿರುವ ಪಟ್ಟಿಯೇ ಇದೆ. ಕಟ್ಟಡದ ರಿಪೇರಿ, ಸುಣ್ಣಬಣ್ಣ, ಪೈಪ್ ಬದಲಾಯಿಸುವುದು, ವೈರಿಂಗ್ ಮಾಲೀಕರದ್ದು. ನಲ್ಲಿ, ಚರಂಡಿ ಸ್ವಚ್ಛ ಮಾಡುವುದು, ಗೀಸರ್, ಸ್ವಿಚ್ಚು, ಬೀಗ, ಕಿಟಕಿ ಗಾಜು ಬಾಡಿಗೆದಾರರದ್ದು. ಹೆಸರೇ ಹೇಳುವ ಹಾಗೆ ಇದು ಮಾದರಿ. ರಾಜ್ಯ ತನ್ನ ಕಾಯ್ದೆಯಾಗಿ ತಂದರೆ ಮಾತ್ರ ಬಲ. ಆದರೂ ಆ ಪಟ್ಟಿಯನ್ನು ನಿಮ್ಮ ಮುಂದಿನ ಕರಾರಿಗೆ ಸೇರಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಪ್ರಶ್ನೆ: ನಾನು ಮನೆ ಮಾಲೀಕಳು, ವಯಸ್ಸಾದವಳು. ಬಾಡಿಗೆ ಮನೆಯ ಒಂದು ಸ್ವಿಚ್ ಬೋರ್ಡ್ ಸುಟ್ಟಿದೆ ಎಂದು ಕೆಲಸದಾಕೆ ಹೇಳಿದಳು. ನೋಡಲು ಹೋದರೆ ಬಾಡಿಗೆದಾರರು ಒಳಗೇ ಬಿಡಲಿಲ್ಲ. ನನ್ನ ಹತ್ತಿರ ಇನ್ನೊಂದು ಕೀ ಇದೆ. ತೆಗೆದು ನೋಡಲಾ?

ಉತ್ತರ: ಬೇಡ ಅಮ್ಮಾ. ಅವರಿಲ್ಲದಾಗ ಬೀಗ ತೆಗೆದರೆ ಜಗಳದ ದಿಕ್ಕೇ ಬದಲಾಗುತ್ತದೆ, ನಾಳೆ ಒಡವೆ ಕಾಣಿಸುತ್ತಿಲ್ಲ ಎನ್ನುವ ಮಾತೂ ಬರಬಹುದು. ಅದೇ 108ನೇ ಕಲಂ ನಿಮಗೆ ಸರಿಯಾದ ಹೊತ್ತಿನಲ್ಲಿ ಹೋಗಿ ಮನೆ ನೋಡುವ ಹಕ್ಕು ಕೊಟ್ಟಿದೆ. 'ಶನಿವಾರ ಬೆಳಗ್ಗೆ ಹತ್ತಕ್ಕೆ ಎಲೆಕ್ಟ್ರಿಷಿಯನ್ ಜೊತೆ ಬರುತ್ತೇನೆ' ಎಂದು ಮೊದಲೇ ಬರೆದು ತಿಳಿಸಿ. ಬಾಡಿಗೆದಾರರಿಂದಲೇ ಆದ ಹಾನಿಯನ್ನು ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಅವರು ಸರಿಮಾಡಬೇಕು ಎಂದಿದೆ ಕಾಯ್ದೆ.

ಆದರೆ ಸುಟ್ಟ ಬೋರ್ಡು ಮೂರು ತಿಂಗಳು ಕಾಯುವ ವಿಷಯವಲ್ಲ. ಆ ಬೋರ್ಡಿಗೆ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ಚು ಇಳಿಸಿಡಿ ಎಂದು ಇವತ್ತೇ ಮೆಸೇಜ್ ಮಾಡಿ. ಖರ್ಚು ಆಮೇಲೆ ಮಾತಾಡಿ. 6 ಆಂಪಿಯರ್ ಸಾಕೆಟ್ಟಿಗೆ ಹೀಟರ್ ಸಿಕ್ಕಿಸಿ ಸುಟ್ಟಿದ್ದರೆ ಅವರದ್ದು. ಹಳೇ ವೈರು ಸಡಿಲವಾಗಿ ಸುಟ್ಟಿದ್ದರೆ, ಅರ್ಥಿಂಗ್ ಇಲ್ಲದಿದ್ದರೆ ನಿಮ್ಮದು. ಎಲೆಕ್ಟ್ರಿಷಿಯನ್ ಬಿಚ್ಚುವಾಗ ಇಬ್ಬರೂ ಎದುರಿಗಿರಿ, ಬಿಚ್ಚಿದ ಬೋರ್ಡಿನ ಫೋಟೊ ತೆಗೆಯಿರಿ.

ಪ್ರಶ್ನೆ: ಮುಂದಿನ ತಿಂಗಳು ಮನೆ ಖಾಲಿ ಮಾಡುತ್ತಿದ್ದೇವೆ. ಪೇಂಟಿಂಗ್, ಮೊಳೆ ಹೊಡೆದದ್ದು, ಹಳೇ ಬಾಗಿಲು ಅಂತ ಅಡ್ವಾನ್ಸ್‌ನಲ್ಲಿ ಅರ್ಧ ಹಿಡಿಯುತ್ತಾರಂತೆ. ಬಂದಾಗಿನ ಫೋಟೊ ನಮ್ಮ ಹತ್ತಿರ ಇಲ್ಲ.

ಉತ್ತರ: ದಿನಬಳಕೆಯಿಂದ ಆಗುವ ಸವಕಳಿಗೆ ನೀವು ಹೊಣೆಯಲ್ಲ, ಇದು ಕಾಯ್ದೆಯ ಮಾತು. ಮಾಸಿದ ಬಣ್ಣ, ಸವೆದ ಬಾಗಿಲು ಇದರಲ್ಲೇ ಬರುತ್ತವೆ. ಮೊಳೆಯ ತೂತು, ಡ್ರಿಲ್ ಮಾಡಿದ ಜಾಗ ನಿಮ್ಮದು. ಪುಟ್ಟಿ ತುಂಬಿಸಿ ಕೊಡಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಎಂದು ಕರಾರಿನಲ್ಲಿ ನೀವೇ ಒಪ್ಪಿದ್ದರೆ ಅಷ್ಟನ್ನು ಬಿಡಬೇಕಾಗುತ್ತದೆ. ಅದರ ಮೇಲೆ ಬಣ್ಣಕ್ಕೇ ಮತ್ತೆ ಕೇಳಿದರೆ ಒಪ್ಪಬೇಡಿ.

ಬಂದ ದಿನದ ಫೋಟೊ ಅಂತ ತೆಗೆಯದಿದ್ದರೂ ಮೊಬೈಲಿನಲ್ಲಿ ಹುಡುಕಿ. ಗೃಹಪ್ರವೇಶದ ಹಾಲುಕ್ಕಿಸಿದ್ದು, ಮಗುವಿನ ಹುಟ್ಟುಹಬ್ಬದ ಚಿತ್ರಗಳಲ್ಲಿ ಹಿಂದೆ ಗೋಡೆ, ಬಾಗಿಲು ಕಾಣುತ್ತವೆ. ಸಾಮಾನು ಸಾಗಿಸಿದ ಮೇಲೆ ಖಾಲಿ ಕೋಣೆಗಳ ವಿಡಿಯೊ ಮಾಡಿ. ಕೀ ಕೊಡುವ ಮೊದಲು ಮಾಲೀಕರ ಜೊತೆ ಕೋಣೆ ಕೋಣೆ ಸುತ್ತಿ, ಹಾನಿಯ ಪಟ್ಟಿ ಬರೆದು ಇಬ್ಬರೂ ಸಹಿ ಹಾಕಿ. ಪಟ್ಟಿಯಲ್ಲಿಲ್ಲದ್ದಕ್ಕೆ ದುಡ್ಡು ಹಿಡಿದರೆ ಬಿಲ್ ಕೇಳಿ ಪತ್ರ ಬರೆಯಿರಿ, ಅಡ್ವಾನ್ಸ್ ಕೊಟ್ಟ ರಸೀದಿ ಅಥವಾ ಬ್ಯಾಂಕ್ ದಾಖಲೆಯ ಪ್ರತಿ ಜೊತೆಗಿರಲಿ.