ರೂಟರ್ ಬ್ಯಾಕಪ್ ಫೈಲ್‌ನಲ್ಲಿ ಪಾಸ್‌ವರ್ಡ್ ಎನ್‌ಕ್ರಿಪ್ಟ್ ಆಗಿದೆ, ಶೇರ್ಡ್ ಫೋಲ್ಡರ್‌ನಲ್ಲಿ ಇಡಬಹುದಾ?

ಇಡಬೇಡಿ. ಅದು ಎನ್‌ಕ್ರಿಪ್ಟ್ ಆಗಿಲ್ಲ. ನಿಮ್ಮ ಫೈಲ್‌ನಲ್ಲಿ ಪಾಸ್‌ವರ್ಡ್ ಇರುವ ಸಾಲಿನಲ್ಲಿ ‘ಪಾಸ್‌ವರ್ಡ್ 7’ ಅಂತಿದೆ ಅಲ್ವಾ? ನಾನೂ ಅದನ್ನೇ ನಂಬಿದ್ದೆ.

ಆಗ ನನ್ನ ಕೈಯಲ್ಲಿ ನಲವತ್ತು ಸಿಸ್ಕೊ ರೂಟರ್‌ಗಳಿದ್ದವು. ಒಂದು ಕೆಟ್ಟಿತು. ಹೊರಗಿನ ಸಪೋರ್ಟ್‌ನವರು ಕಾನ್ಫಿಗ್, ಅಂದರೆ ರೂಟರ್‌ನ ಸೆಟ್ಟಿಂಗ್ ಎಲ್ಲ ಇರುವ ಫೈಲ್ ಕೇಳಿದರು. ಫೈಲ್ ತೆರೆದು ನೋಡಿದೆ. ಪಾಸ್‌ವರ್ಡ್ ಇರಬೇಕಾದ ಕಡೆ ತಲೆಬುಡ ತಿಳಿಯದ ಅಂಕಿ, ಅಕ್ಷರಗಳಿದ್ದವು. ಭದ್ರವಾಗಿದೆ ಅಂದುಕೊಂಡು ಹಾಗೇ ಮೇಲ್ ಮಾಡಿದೆ. ಅರ್ಧ ಗಂಟೆಯೊಳಗೆ ಅಲ್ಲಿನ ಇಂಜಿನಿಯರ್ ಫೋನ್ ಮಾಡಿ ನಮ್ಮ ಪಾಸ್‌ವರ್ಡನ್ನು ಒಂದಕ್ಷರ ತಪ್ಪದೆ ಓದಿ ಹೇಳಿದರು. “ಸರ್, ಮೊದಲು ಇದನ್ನ ಬದಲಾಯಿಸಿ.”

ನಾನು ಎಡವಿದ್ದು ಎಲ್ಲಿ ಅಂದರೆ, ‘ಸರ್ವಿಸ್ ಪಾಸ್‌ವರ್ಡ್-ಎನ್‌ಕ್ರಿಪ್ಶನ್’ ಅನ್ನೋ ಕಮಾಂಡ್‌ನ ಹೆಸರನ್ನೇ ನಂಬಿದ್ದೆ. ಆ ಕಮಾಂಡ್ ಪಾಸ್‌ವರ್ಡನ್ನು ಟೈಪ್ 7 ಅನ್ನೋ ರೀತಿಯಲ್ಲಿ ಮರೆಮಾಡುತ್ತದೆ, ಸಾಲಿನಲ್ಲಿರುವ 7 ಅದೇ. ಅದಕ್ಕೆ ಬಳಸುವ ಕೀ ಎಲ್ಲ ಸಿಸ್ಕೊ ರೂಟರ್‌ನಲ್ಲೂ ಒಂದೇ, ಅದು ಜಗತ್ತಿಗೇ ಗೊತ್ತು. ಆ ಕೀಯ ಯಾವ ಜಾಗದಿಂದ ಶುರು ಮಾಡಬೇಕು ಅನ್ನೋದನ್ನು ಮೊದಲ ಎರಡು ಅಂಕಿಗಳೇ ಹೇಳಿಬಿಡುತ್ತವೆ. ಬಿಡಿಸಲು ಒಂದು ಸೆಕೆಂಡ್ ಸಾಕು. ಬೆನ್ನ ಹಿಂದೆ ನಿಂತವರು ಸ್ಕ್ರೀನ್ ನೋಡಿ ಓದಬಾರದು, ಅಷ್ಟಕ್ಕೇ ಅದು ಇರುವುದು. ಅದೇ ಫೈಲ್‌ನಲ್ಲಿ ಎಸ್‌ಎನ್‌ಎಂಪಿ ಕಮ್ಯುನಿಟಿ (ರೂಟರನ್ನು ದೂರದಿಂದ ಗಮನಿಸಲು, ನಿಯಂತ್ರಿಸಲು ಬಳಸುವ ಗುಟ್ಟಿನ ಪದ), ವಿಪಿಎನ್ ಕೀ ಎರಡೂ ಮುಸುಕೇ ಇಲ್ಲದೆ ಬಿದ್ದಿದ್ದವು. ನಾನು ಅವುಗಳ ಕಡೆ ನೋಡಿಯೇ ಇರಲಿಲ್ಲ. ನಲವತ್ತಕ್ಕೂ ಒಂದೇ ಪಾಸ್‌ವರ್ಡ್ ಬೇರೆ. ಎರಡು ರಾತ್ರಿ ಕೂತು ಎಲ್ಲ ಬದಲಾಯಿಸಿದೆ.

ಹಾಗಾಗಿ ಎಲ್ಲಿ ಇಡೋದು ಅನ್ನೋದು ಆಮೇಲಿನ ಮಾತು. ಮೊದಲು ಫೈಲ್ ಒಳಗೆ ಏನಿದೆ ನೋಡಿ. ಯೂಸರ್ ಪಾಸ್‌ವರ್ಡ್‌ಗಳನ್ನೆಲ್ಲ ನೇರವಾಗಿ ಬಿಡಿಸಲಾಗದ ಟೈಪ್ 8 ಅಥವಾ 9ರ ಸೀಕ್ರೆಟ್‌ಗೆ ಬದಲಾಯಿಸಿ. ಟೈಪ್ 5 ಅನ್ನೋದು ಎಂಡಿ5 ಅನ್ನೋ ಹಳೆಯ ಬಗೆಯ ಹ್ಯಾಶ್ (ಪಾಸ್‌ವರ್ಡಿನಿಂದ ಲೆಕ್ಕ ಹಾಕಿ ತೆಗೆದ ಗುರುತು), ಸುಲಭದ ಪಾಸ್‌ವರ್ಡ್ ಇದ್ದರೆ ಊಹಿಸಿ ಹಿಡಿಯುತ್ತಾರೆ. ಬ್ಯಾಕಪ್ ಫೈಲ್ ಕಳಿಸಲು ಟಿಎಫ್‌ಟಿಪಿ ಅನ್ನೋ ವಿಧಾನ ಬೇಡವೇ ಬೇಡ. ಅದರಲ್ಲಿ ಲಾಗಿನ್ ಇಲ್ಲ, ಫೈಲ್ ಬಯಲಾಗಿಯೇ ಹೋಗುತ್ತದೆ. ಲಾಗಿನ್ ಕೇಳುವ, ಎನ್‌ಕ್ರಿಪ್ಟ್ ಮಾಡಿ ಕಳಿಸುವ ಎಸ್‌ಸಿಪಿ ಬಳಸಿ. ನಾನೀಗ ಕಾನ್ಫಿಗ್‌ಗಳನ್ನು ತಾನೇ ಬ್ಯಾಕಪ್ ಮಾಡುವ ಆಕ್ಸಿಡೈಸ್ಡ್ ಅನ್ನೋ ಸಾಫ್ಟ್‌ವೇರ್ ಇಟ್ಟುಕೊಂಡು, ಫೈಲ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ಗೆ ಹಾಕುತ್ತೇನೆ, ಆ ಸರ್ವರ್‌ಗೆ ಇಬ್ಬರಿಗೆ ಮಾತ್ರ ಲಾಗಿನ್. ಆದರೆ ಗಿಟ್‌ನಲ್ಲಿ ಇವತ್ತು ಅಳಿಸಿದ ಕೀ ಹಳೆಯ ಕಮಿಟ್‌ನಲ್ಲಿ (ಹಿಂದೆ ದಾಖಲಾದ ಪ್ರತಿಯಲ್ಲಿ) ಉಳಿದಿರುತ್ತದೆ, ನೆನಪಿರಲಿ.

ನೀವು ಈಗಾಗಲೇ ಶೇರ್ಡ್ ಫೋಲ್ಡರ್‌ಗೆ ಹಾಕಿದ್ದರೆ ಸುಮ್ನೆ ಫೈಲ್ ಅಳಿಸಿದರೆ ಸಾಲದು. ಯಾರು ಕಾಪಿ ಮಾಡಿಕೊಂಡಿದ್ದಾರೋ ಗೊತ್ತಾಗಲ್ಲ. ಇವತ್ತೇ ಎಲ್ಲ ಬದಲಾಯಿಸಿ, ಬರೆಯುವ ಅನುಮತಿ ಇರುವ ಎಸ್‌ಎನ್‌ಎಂಪಿ ಕಮ್ಯುನಿಟಿಯಿಂದ ಶುರು ಮಾಡಿ. ಪ್ರತಿ ರೂಟರ್‌ನಲ್ಲೂ ಕೊನೆಗೆ ಬದಲಾವಣೆ ಉಳಿಸುವ ‘ರೈಟ್ ಮೆಮೊರಿ’ ಕಮಾಂಡ್ ಕೊಡಿ. ನಾನು ಒಂದರಲ್ಲಿ ಮರೆತಿದ್ದೆ, ಕರೆಂಟ್ ಹೋಗಿ ಬಂದಾಗ ಹಳೆಯ ಪಾಸ್‌ವರ್ಡೇ ವಾಪಸ್ ಬಂದಿತ್ತು.