ಓದುಗರ ಗ್ಯಾರೇಜ್: ಜಿಪ್ಸಿಗೆ ಎಷ್ಟು ಡಿಗ್ರಿ ಕ್ಯಾಮ್?

ಪ್ರಶ್ನೆ: ನನ್ನದು ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಮಾರುತಿ ಜಿಪ್ಸಿ, ಜಿ13ಬಿಬಿ ಎಂಜಿನ್. ಹೊಗೆ ಹೆಚ್ಚಾಗಿ ಬೋರ್ ಮಾಡಿಸಲು (ಸಿಲಿಂಡರ್ ಕೊರೆದು ಅಗಲಿಸಲು) ಎಂಜಿನ್ ಇಳಿಸಿದ್ದೇನೆ. ಹೇಗೂ ಬಿಚ್ಚಿದ್ದಾಗಿದೆ, ಪರ್ಫಾರ್ಮೆನ್ಸ್ ಕ್ಯಾಮ್‌ಶಾಫ್ಟ್ ಹಾಕಿಸುವ ಆಸೆ. ಒಬ್ಬ ಮೆಕ್ಯಾನಿಕ್ 288 ಡಿಗ್ರಿಯದ್ದೇ ಬೇಕು ಎನ್ನುತ್ತಾರೆ, ಇನ್ನೊಬ್ಬರು 260 ಸಾಕು ಎನ್ನುತ್ತಾರೆ. ದಿನಾ ಮಂಗಳೂರಿಗೆ ಓಡಾಟ, ಆಗಾಗ ಆಗುಂಬೆ, ಚಾರ್ಮಾಡಿ. ಯಾವುದು ಸರಿ? ಜೊತೆಗೆ ಏನೇನು ಬದಲಿಸಬೇಕು?
– ಓದುಗರು, ಸುರತ್ಕಲ್

ಉತ್ತರ: 260. ಕ್ಯಾಮ್‌ಶಾಫ್ಟ್ ಎಂದರೆ ತನ್ನ ಉಬ್ಬುಗಳಿಂದ (ಲೋಬ್) ವಾಲ್ವ್ ತೆರೆಯುವ ದಂಡ. ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ, ಎಷ್ಟು ಡಿಗ್ರಿ ತಿರುಗುವವರೆಗೆ ವಾಲ್ವ್ ತೆರೆದಿರುತ್ತದೆ ಎಂಬುದೇ ಈ ಡಿಗ್ರಿ, ಅಂದರೆ ಡ್ಯುರೇಷನ್. ನಿಮ್ಮ ಎಂಜಿನ್ ಕಂಪನಿ ಸ್ಥಿತಿಯಲ್ಲಿ 6000 ಆರ್‌ಪಿಎಂಗೆ 80 ಬಿಎಚ್‌ಪಿ, 4500ಕ್ಕೆ ಸುಮಾರು 103 ಎನ್‌ಎಂ ಟಾರ್ಕ್ ಕೊಡುತ್ತದೆ. ಗರಿಷ್ಠ ಟಾರ್ಕ್ ಈಗಲೇ ಮೇಲಿದೆ. 288 ಹಾಕಿದರೆ ಅದು ಇನ್ನೂ ಮೇಲಕ್ಕೆ ಹೋಗುತ್ತದೆ, ಕೆಳಗಿನ ಪಿಕಪ್ ಸಾಯುತ್ತದೆ. ನಂತೂರಿನ ಟ್ರಾಫಿಕ್‌ನಲ್ಲಿ, ಆಗುಂಬೆಯ ತಿರುವಿನಲ್ಲಿ ಎಂಜಿನ್ ಇರುವುದು 1500ರಿಂದ 3500ರ ನಡುವೆ. ಗಾಡಿಯ ತೂಕ, ದೊಡ್ಡ ಟಯರ್ ಎಲ್ಲ ಎಳೆಯಬೇಕಾದದ್ದು ಅಲ್ಲೇ. 288 ರ್‍ಯಾಲಿಗೆ ಸರಿ, ಹಾಲು ತರಲು ಹೋಗುವ ಗಾಡಿಗಲ್ಲ.

ಡಿಗ್ರಿ ಹೋಲಿಸುವಾಗ ಒಂದು ಎಚ್ಚರ. ಒಬ್ಬ ತಯಾರಕ ವಾಲ್ವ್ ಏಳಲು ಶುರುವಾದಲ್ಲಿಂದ ಅಳೆಯುತ್ತಾನೆ, ಇನ್ನೊಬ್ಬ 1 ಮಿ.ಮೀ. ಎದ್ದ ಮೇಲೆ. ಒಂದೇ ಕ್ಯಾಮ್‌ಗೆ ಎರಡು ಸಂಖ್ಯೆ ಬರುತ್ತದೆ. ಕ್ಯಾಮ್ ಜೊತೆ ಬರುವ ಕಾರ್ಡ್‌ನಲ್ಲಿ 1 ಮಿ.ಮೀ. ಲಿಫ್ಟ್‌ನ (ವಾಲ್ವ್ ಏಳುವ ಎತ್ತರ) ಡ್ಯುರೇಷನ್, ಗರಿಷ್ಠ ಲಿಫ್ಟ್, ಟ್ಯಾಪೆಟ್ ಗ್ಯಾಪ್ (ವಾಲ್ವ್‌ಗೂ ಅದನ್ನು ಒತ್ತುವ ರಾಕರ್ ಸನ್ನೆಗೂ ನಡುವಿನ ಸಂದು) ಮೂರೂ ಇರಬೇಕು. ಕಾರ್ಡೇ ಕೊಡದವರ ಹತ್ತಿರ ಕ್ಯಾಮ್ ಕೊಳ್ಳಬೇಡಿ.

ಡ್ಯುರೇಷನ್ ಹೆಚ್ಚಿದರೆ ಮಿಶ್ರಣ ಒಳಬಿಡುವ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಕಡಿಮೆ ವೇಗದಲ್ಲಿ ಒಳಬಂದ ಮಿಶ್ರಣದಲ್ಲಿ ಸ್ವಲ್ಪ ವಾಪಸ್ ಹೋಗುತ್ತದೆ. ಅದನ್ನು ಸರಿದೂಗಿಸಲು ಕಂಪ್ರೆಷನ್ (ಮಿಶ್ರಣವನ್ನು ಒತ್ತುವ ಅನುಪಾತ) ಏರಿಸಬೇಕು. ಮೂಲ ಬೋರ್ (ಸಿಲಿಂಡರ್ ಅಗಲ) 74, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75.5 ಮಿ.ಮೀ. 0.50 ಓವರ್‌ಸೈಜ್ ಪಿಸ್ಟನ್ ಹಾಕಿದರೆ ಒಂದು ಸಿಲಿಂಡರ್ 329 ಸಿಸಿ. 10:1 ಬೇಕಿದ್ದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಒಟ್ಟು ಜಾಗ, ಅಂದರೆ ಹೆಡ್‌ನ ಚೇಂಬರ್, ಗ್ಯಾಸ್ಕೆಟ್, ಪಿಸ್ಟನ್ ತಗ್ಗು ಎಲ್ಲ ಸೇರಿ, 36.6 ಸಿಸಿ ಆಗಬೇಕು. ಬ್ಯುರೆಟ್‌ನಲ್ಲಿ ಅಳೆದೇ ಹೆಡ್ ಫೇಸಿಂಗ್‌ಗೆ (ತಳ ಸವೆಸಲು) ಕೊಡಿ. ಲೇತ್‌ನವರು 'ಒಂದು ಕಟ್ ಹಾಕ್ತೇನೆ' ಎಂದರೆ ಎಷ್ಟು ಎಂದು ಮಿ.ಮೀ.ನಲ್ಲೇ ಕೇಳಿ. ಹೆಡ್ ತಗ್ಗಿದಷ್ಟೂ ಟೈಮಿಂಗ್ ಬೆಲ್ಟ್ ಲೆಕ್ಕ ತಪ್ಪುತ್ತದೆ: ಅರ್ಧ ಮಿ.ಮೀ. ತೆಗೆದರೆ ಕ್ಯಾಮ್ ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು ಒಂದು ಡಿಗ್ರಿ ಹಿಂದೆ ಬೀಳುತ್ತದೆ. ಅಡ್ಜಸ್ಟಬಲ್ ಕ್ಯಾಮ್ ಪುಲ್ಲಿ ಬೇಕಾಗುವುದು ಇದಕ್ಕೇ.

ಪುಲ್ಲಿಯ ಮಾರ್ಕ್ ನಂಬಬೇಡಿ. ಕ್ರ್ಯಾಂಕ್‌ಗೆ ಡಿಗ್ರಿ ಚಕ್ರ ಕಟ್ಟಿ, ಪಿಸ್ಟನ್ ಸ್ಟಾಪ್‌ನಿಂದ ನಿಜವಾದ ಟಿಡಿಸಿ (ಪಿಸ್ಟನ್ ತೀರ ಮೇಲಿರುವ ಬಿಂದು) ಹಿಡಿದು, ಇನ್‌ಟೇಕ್ ವಾಲ್ವ್ ಮೇಲೆ ಡಯಲ್ ಗೇಜ್ ಕೂರಿಸಿ. ಗರಿಷ್ಠ ಲಿಫ್ಟ್‌ಗಿಂತ ಅರ್ಧ ಮಿ.ಮೀ. ಮೊದಲು ಟಿಡಿಸಿ ನಂತರದ 62 ಡಿಗ್ರಿ, ದಾಟಿ ಅರ್ಧ ಮಿ.ಮೀ. ಇಳಿದಾಗ 154 ಸಿಕ್ಕಿತು ಎನ್ನಿ. ಕೂಡಿಸಿ ಅರ್ಧ ಮಾಡಿದರೆ 108. ಕಾರ್ಡ್ ಕೂಡ 108 ಎಂದರೆ ಬೋಲ್ಟ್ ಬಿಗಿಯಿರಿ. ಲಿಫ್ಟ್ ಅಳೆಯುವಾಗ ಕ್ರ್ಯಾಂಕನ್ನು ಓಡುವ ದಿಕ್ಕಿಗೆ ಮಾತ್ರ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ಬೆಲ್ಟ್ ಸಡಿಲವಾಗಿ ಓದು ಸುಳ್ಳಾಗುತ್ತದೆ.

ಆಮೇಲೆ ಪಿಸ್ಟನ್ ತಲೆಯ ಮೇಲೆ ಮಕ್ಕಳ ಆಟದ ಕ್ಲೇ ಇಟ್ಟು, ಹೆಡ್ ಕೂರಿಸಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ ಬಿಚ್ಚಿ. ಕ್ಲೇಯ ಅತಿ ತೆಳು ಜಾಗ ಇನ್‌ಟೇಕ್ ಕಡೆ 2, ಎಕ್ಸಾಸ್ಟ್ ಕಡೆ 2.5 ಮಿ.ಮೀ. ಇರಲಿ. ಹತ್ತಿರದ ಗಳಿಗೆ ಟಿಡಿಸಿಯಲ್ಲಲ್ಲ, ಅದರ ಆಚೀಚೆ ಹತ್ತು ಡಿಗ್ರಿಯಲ್ಲಿ. ಹಾಗಾಗಿ ಟಿಡಿಸಿಯಲ್ಲಿ ನಿಲ್ಲಿಸಿ ನೋಡಿ 'ತಾಗುವುದಿಲ್ಲ' ಎನ್ನುವುದು ಪರೀಕ್ಷೆಯೇ ಅಲ್ಲ.

ಜೊತೆಗೆ ಬೇಕಾದವು: ಕ್ಯಾಮ್ ತಯಾರಕರೇ ಹೇಳಿದ ವಾಲ್ವ್ ಸ್ಪ್ರಿಂಗ್, ಹೊಸ ವಾಲ್ವ್ ಸೀಲ್, ಹೊಸ ಬೆಲ್ಟ್ ಮತ್ತು ಟೆನ್ಷನರ್, ಮುಖ ಸವೆಯದ ರಾಕರ್‌ಗಳು. ಪೂರ್ತಿ ಲಿಫ್ಟ್‌ನಲ್ಲಿ ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ಒತ್ತಿ ನಿಲ್ಲಲು ಇನ್ನೂ 1 ಮಿ.ಮೀ. ಬಾಕಿ ಇರಬೇಕು, ರಿಟೇನರ್‌ಗೂ ಸೀಲ್‌ಗೂ 1.5 ಮಿ.ಮೀ. ಹಳೆ ಸವೆದ ರಾಕರ್ ಹೊಸ ಲೋಬನ್ನು ತಿಂದು ಮುಗಿಸುತ್ತದೆ. ಲೋಬ್‌ಗಳಿಗೆ ಮೋಲಿ ಪೇಸ್ಟ್ (ಸವೆತ ತಡೆಯುವ ಲೂಬ್ರಿಕೆಂಟ್) ಹಚ್ಚಿ. ಮೊದಲ ಸ್ಟಾರ್ಟ್‌ನಲ್ಲೇ ಎಂಜಿನ್ ಹಿಡಿಯುವಂತೆ ಪೆಟ್ರೋಲ್, ಇಗ್ನಿಷನ್ ಎಲ್ಲ ಸರಿಮಾಡಿಕೊಂಡು, ಐಡ್ಲಿಂಗ್‌ಗೆ ಬಿಡದೆ 20 ನಿಮಿಷ 2000–2500ರಲ್ಲಿ ಓಡಿಸಿ. ಐಡ್ಲಿಂಗ್‌ನಲ್ಲಿ ಲೋಬ್‌ಗೆ ಆಯಿಲ್ ಸಾಲದು. ಆಮೇಲೆ ಆಯಿಲ್, ಫಿಲ್ಟರ್ ಎರಡೂ ಎಸೆಯಿರಿ.

ಇ20 (20% ಎಥನಾಲ್ ಬೆರೆತ) ಪೆಟ್ರೋಲ್‌ಗೆ ಸಮ ಮಿಶ್ರಣ (ಒಂದು ಪಾಲು ಪೆಟ್ರೋಲ್‌ಗೆ ಬೇಕಾದ ಗಾಳಿಯ ತೂಕ) 14.7 ಅಲ್ಲ, ಸುಮಾರು 13.5. ಎಂಜಿನ್ ಕಂಪ್ಯೂಟರ್‌ನ (ಇಸಿಯು) ಪೆಟ್ರೋಲ್, ಕಿಡಿ ಲೆಕ್ಕದ ಕೋಷ್ಟಕ, ಅಂದರೆ ಮ್ಯಾಪ್, ಮಾಡುವವರಿಗೆ ಹೇಳಿ. ಹಳೆ ರಬ್ಬರ್ ಹೋಸ್‌ಗಳನ್ನೂ ಈಗಲೇ ಬದಲಿಸಿ. ಕಾನೂನಿನ ಮಾತೂ ಇದೆ: ಅನುಮತಿಯಿಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದಕ್ಕೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಎರಡೂ ಆಗಬಹುದು.

ಪ್ರಶ್ನೆ: ಮಾರುತಿ ಎಸ್ಟೀಮ್‌ಗೆ ದೊಡ್ಡ ಕ್ಯಾಮ್ ಹಾಕಿಸಿದ ಮೇಲೆ ಐಡ್ಲಿಂಗ್ ಏರಿಳಿಯುತ್ತದೆ, ಪೆಟ್ರೋಲ್ ವಾಸನೆ, ಬ್ರೇಕ್ ಗಟ್ಟಿ. ಪುಲ್ಲಿ ತಿರುಗಿಸಿದರೆ ಸರಿಹೋದೀತೇ?
– ಓದುಗರು, ಮಣಿಪಾಲ

ಉತ್ತರ: ಇಲ್ಲ. ನಿಮ್ಮದರಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಲೋಬ್ ಎರಡೂ ಒಂದೇ ಶಾಫ್ಟ್‌ನಲ್ಲಿವೆ. ಪುಲ್ಲಿ ತಿರುಗಿಸಿದರೆ ಎರಡೂ ಒಟ್ಟಿಗೆ ಸರಿಯುತ್ತವೆ, ಓವರ್‌ಲ್ಯಾಪ್ (ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಅವಧಿ) ಇದ್ದಷ್ಟೇ ಇರುತ್ತದೆ. ಓವರ್‌ಲ್ಯಾಪ್ ಹೆಚ್ಚಿದ್ದರಿಂದ ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ (ಗಾಳಿ ಒಳಹೋಗುವ ಕೊಳವೆ) ವ್ಯಾಕ್ಯೂಮ್ ಕುಸಿದಿದೆ. ಅಲ್ಲಿನ ಒತ್ತಡ ಅಳೆಯುವ ಸೆನ್ಸರ್ (ಎಂಎಪಿ) ಅದನ್ನು ಲೋಡ್ ಎಂದು ತಿಳಿದು ಪೆಟ್ರೋಲ್ ಹೆಚ್ಚು ಸುರಿಸುತ್ತದೆ. ಬ್ರೇಕ್ ಬೂಸ್ಟರ್‌ಗೂ ಅದೇ ವ್ಯಾಕ್ಯೂಮ್ ಬೇಕು. ಗೇಜ್ ಹಾಕಿ ನೋಡಿ. ಪಾದರಸದ 15 ಇಂಚಿಗಿಂತ ಕಡಿಮೆಯಿದ್ದರೆ ಮೊದಲು ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್, ಟ್ಯಾಪೆಟ್ ಬಿಗಿ ಪರೀಕ್ಷಿಸಿ. ಅವು ಸರಿಯಿದ್ದರೆ ಇಸಿಯು ರೀಮ್ಯಾಪ್, ಇಲ್ಲವೇ ಚಿಕ್ಕ ಕ್ಯಾಮ್. ಅಲ್ಲಿವರೆಗೆ ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಲೇಬೇಡಿ. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ವ್ಯಾಕ್ಯೂಮ್ ಸಿಗುತ್ತದೆ.

ಪ್ರಶ್ನೆ: ಹಳೆ ಕ್ಯಾಮನ್ನೇ ರೀಗ್ರೈಂಡ್ (ಲೋಬ್‌ಗಳಿಗೆ ಮರುಸಾಣೆ) ಮಾಡಿಸಿದರೆ ಆಗದೇ?
– ಓದುಗರು, ಪುತ್ತೂರು

ಉತ್ತರ: ಸಣ್ಣ ಬದಲಾವಣೆಗೆ ಆಗುತ್ತದೆ. ಲಿಫ್ಟ್ ಹೆಚ್ಚಿಸಲು ಲೋಬ್‌ನ ಬೇಸ್ ಸರ್ಕಲ್ (ಉಬ್ಬಿಲ್ಲದ ದುಂಡು ಭಾಗ) ಸವೆಸುತ್ತಾರೆ, ಮೇಲಿನ ಗಟ್ಟಿ ಪದರವೂ ಹೋಗಬಹುದು. ಗಟ್ಟಿತನ ಪರೀಕ್ಷಿಸಿ ಕೊಡುವವರಾದರೆ ಮಾತ್ರ ಒಪ್ಪಿ. ಜೋಡಿಸಿದ ಮೇಲೆ ಟ್ಯಾಪೆಟ್ ಸ್ಕ್ರೂ ಕೊನೆಯ ಹುರಿವರೆಗೆ ಇಳಿದಿದ್ದರೆ ಹೆಚ್ಚು ಸವೆಸಿದ್ದಾರೆ ಎಂದರ್ಥ.

ಪ್ರಶ್ನೆ: ಬೆಂಗಳೂರಿನಲ್ಲಿ ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಟ್ಯೂನ್ ಮಾಡಿಸಿದ ಕಾರು ಊರಿಗೆ ಬಂದ ಮೇಲೆ ನಾಕ್ (ಎಳೆಯುವಾಗ ಟಕಟಕ ಸದ್ದು) ಆಗುತ್ತಿದೆ. ಪೆಟ್ರೋಲ್ ಕೆಟ್ಟದ್ದೇ?
– ಓದುಗರು, ಕುಂದಾಪುರ

ಉತ್ತರ: ಪೆಟ್ರೋಲ್ ಅಲ್ಲ, ಗಾಳಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದರೂ ಮ್ಯಾನಿಫೋಲ್ಡ್‌ನಲ್ಲಿ ಗಾಳಿಯ ಒತ್ತಡ 90 ಕಿಲೊಪ್ಯಾಸ್ಕಲ್ ಆಸುಪಾಸು, ಕುಂದಾಪುರದಲ್ಲಿ 100. ಅಂದರೆ ಇಸಿಯು ಮ್ಯಾಪ್‌ನ 95–100ರ ಸಾಲನ್ನು ಅಲ್ಲಿ ಯಾರೂ ಓಡಿಸಿ ನೋಡಿಲ್ಲ. ಆ ಸಾಲುಗಳಲ್ಲಿ ಇಗ್ನಿಷನ್ (ಕಿಡಿ) 2–3 ಡಿಗ್ರಿ ತಡ ಮಾಡಿಸಿ, ಇಲ್ಲೇ ಮಧ್ಯಾಹ್ನದ ಸೆಕೆಯಲ್ಲಿ ಲಾಗ್ ಮಾಡಿ ಮತ್ತೆ ಟ್ಯೂನ್ ಮಾಡಿಸಿ. ಅಷ್ಟರವರೆಗೆ ಏರು ರಸ್ತೆಯಲ್ಲಿ ಟಾಪ್ ಗೇರ್ ಹಿಡಿದು ಒತ್ತಬೇಡಿ, ಒಂದು ಗೇರ್ ಇಳಿಸಿ.